ಕಾಲೇಜಿನ ಹಳೆ ಸ್ಟೋರ್ ರೂಮಲ್ಲಿ ಹಿತ್ತಾಳೆ ಉಪಕರಣ, ಗಾಜಿನ ಪ್ಲೇಟು ಸಿಕ್ಕಿವೆ. ಗುಜರಿಗೆ ಹೋಗದ ಹಾಗೆ ಏನು ಮಾಡಬಹುದು?

ಮೇಷ್ಟ್ರು_ಭೌತಶಾಸ್ತ್ರ
ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ಹಳೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಕಾಲೇಜಿನ ಹೆಸರು ಇಲ್ಲಿ ಬೇಡ. ನಮ್ಮ ವಿಭಾಗದ ಹಿಂದಿನ ಸ್ಟೋರ್ ರೂಮ್ ಖಾಲಿ ಮಾಡಿ ಕಂಪ್ಯೂಟರ್ ಲ್ಯಾಬ್ ಮಾಡಬೇಕು ಅಂತ ತೀರ್ಮಾನ ಆಗಿದೆ. ಬೀಗ ತೆಗೆಸಿ ನೋಡಿದರೆ ತೇಗದ ಪೆಟ್ಟಿಗೆಯಲ್ಲಿ ಒಂದು ಥಿಯೋಡೊಲೈಟ್ (ಜಮೀನು ಅಳೆಯುವಾಗ ಕೋನ ಓದುವ ಉಪಕರಣ), ಮೇಲೆ ಟ್ರೌಟನ್ ಅಂಡ್ ಸಿಮ್ಸ್, ಲಂಡನ್ ಅಂತ ಕೆತ್ತಿದೆ. ಮೂರು ಇಂಚು ಅಗಲದ ಮಸೂರ ಇರುವ ಒಂದು ದೂರದರ್ಶಕ, ಆ ಮಸೂರದ ಒಳಗೆ ಜೇಡರ ಬಲೆ ತರಹ ಬಿಳಿ ಎಳೆ ಹಬ್ಬಿದೆ. ಗಾಳಿಯ ಒತ್ತಡ ಅಳೆಯುವ, ಗೋಡೆಗೆ ತಗುಲಿಸಿದ ಫೋರ್ಟಿನ್ ಬ್ಯಾರೋಮೀಟರ್. ಜೊತೆಗೆ ಒಂದು ಮರದ ಪೆಟ್ಟಿಗೆ, ಒಳಗೆ ಸಾಲಾಗಿ ಸೀಳು ಕೊರೆದು ಗಾಜಿನ ಪ್ಲೇಟುಗಳನ್ನು ನಿಲ್ಲಿಸಿದ್ದಾರೆ, ಒಂದೊಂದಕ್ಕೂ ಕಂದು ಕಾಗದದ ಲಕೋಟೆ. ರಟ್ಟಿನ ನೋಟ್‌ಬುಕ್ಕುಗಳೂ ಇವೆ.

ಮೇಲಿನವರು "ಹಿತ್ತಾಳೆಗೆ ಒಳ್ಳೆ ರೇಟ್ ಇದೆ, ತೂಕಕ್ಕೆ ಹಾಕಿಬಿಡಿ, ಗಾಜು ಎಸೆದುಬಿಡಿ" ಅಂತಾರೆ. ತಪಾಸಣೆಗೆ ತಂಡ ಬರುವ ಮೊದಲು ಜಾಗ ಖಾಲಿ ಆಗಬೇಕಂತೆ. ನಮ್ಮ ಅಟೆಂಡರ್ ಒಳ್ಳೆ ಮನಸ್ಸಿನಿಂದಲೇ ಥಿಯೋಡೊಲೈಟ್‌ನ ಒಂದು ಸ್ಕ್ರೂಗೆ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿ ತೋರಿಸಿದರು. ಪೂರ್ತಿ ಉಜ್ಜಲಾ ಅಂತ ಕೇಳುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹಿತ್ತಾಳೆಪ್ರಿಯ
ಬೇಡ ಬೇಡ ಬೇಡ. ಮೊದಲು ಹುಣಸೆಹಣ್ಣು ದೂರ ಇಡಿಸಿ ಸರ್. ಬ್ರಾಸೋ, ಪೀತಾಂಬರಿ ಪುಡಿ, ನಿಂಬೆಹಣ್ಣು ಯಾವುದೂ ಬೇಡ.

ಕಾರಣ ಹೇಳುತ್ತೇನೆ. ಥಿಯೋಡೊಲೈಟ್‌ನಲ್ಲಿ ಕೋನ ಓದುವ ದುಂಡನೆಯ ತಟ್ಟೆ ಇದೆಯಲ್ಲ, ಅದರ ಅಂಚಿಗೆ ಬೆಳ್ಳಿಯ ತೆಳು ಪಟ್ಟಿ ಕೂರಿಸಿರುತ್ತಾರೆ. ಗೀರುಗಳಿರುವುದು ಆ ಬೆಳ್ಳಿಯ ಮೇಲೆ. ಸಾಮಾನ್ಯವಾಗಿ ಒಂದು ಡಿಗ್ರಿಯನ್ನು ಮೂರು ಭಾಗ ಮಾಡಿ ಗೀರು ಹಾಕಿ, ಪಕ್ಕದ ಸಣ್ಣ ಅಳತೆಪಟ್ಟಿಯಾದ ವರ್ನಿಯರ್‌ನಲ್ಲಿ 20 ಸೆಕೆಂಡ್ (ಇದು ಕೋನದ ಅಳತೆ, ಒಂದು ಡಿಗ್ರಿಗೆ 3600 ಸೆಕೆಂಡ್) ತನಕ ಓದುವ ಹಾಗೆ ಮಾಡುತ್ತಿದ್ದರು. ಆ ಗೀರಿನ ಆಳ ಕೂದಲೆಳೆಗಿಂತ ಕಡಿಮೆ. ನಾಲ್ಕು ಸಲ ಗಟ್ಟಿಯಾಗಿ ಉಜ್ಜಿದರೆ ಗೀರು ಸವೆದುಹೋಗುತ್ತದೆ. ಆಮೇಲೆ ಅದು ಶೋಕೇಸಿನ ಸಾಮಾನು ಅಷ್ಟೇ, ಅಳೆಯುವ ಯಂತ್ರ ಅಲ್ಲ.

ಇನ್ನೊಂದು, ಆ ಕಾಲದ ಹಿತ್ತಾಳೆಗೆ ಅರಗಿನ ತೆಳು ಲೇಪ ಕೊಡುತ್ತಿದ್ದರು. ಹೊಂಬಣ್ಣ ಬರುವುದು ಅದರಿಂದಲೇ. ಸ್ಪಿರಿಟ್ ಹಾಕಿದರೆ ಆ ಲೇಪ ಕರಗಿ ಬಟ್ಟೆಗೆ ಬಂದುಬಿಡುತ್ತದೆ. ಒಣ ಮೆತ್ತನೆಯ ಬ್ರಷ್‌ನಿಂದ ಧೂಳು ಒರೆಸಿ, ಅಲ್ಲಿಗೆ ನಿಲ್ಲಿಸಿ. ನೇತ್ರಮಸೂರ ಬಿಚ್ಚಿ ಒಳಗೆ ಊದಲೇಬೇಡಿ, ಒರೆಸಲೂಬೇಡಿ. ಹಳೆಯ ಎಷ್ಟೋ ಥಿಯೋಡೊಲೈಟುಗಳಲ್ಲಿ ಒಳಗೆ ಕಾಣುವ ಅಡ್ಡ-ಉದ್ದ ಗೆರೆ ನಿಜವಾದ ಜೇಡರ ಎಳೆ. ಉಸಿರು ಜೋರಾಗಿ ತಾಗಿದರೂ ಹರಿದುಹೋಗುತ್ತದೆ.

ಮಾತು_ಕಡಿಮೆ
ಜೇಡರ ಎಳೆನಾ?! ನಿಜವಾಗಲೂ?

ಸರ್ವೇಯರ್_ನಿವೃತ್ತ
ನಿಜ ರೀ. ನಾವು ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳುತ್ತಿದ್ದರು, ಎಳೆ ಹರಿದರೆ ಜೇಡ ಹಿಡಿದು ಸಣ್ಣ ಕವಲಿನ ಕಡ್ಡಿಗೆ ನೂಲು ಸುತ್ತಿಕೊಳ್ಳುತ್ತಿದ್ದರಂತೆ. ಆಮೇಲಿನ ಉಪಕರಣಗಳಲ್ಲಿ ಗಾಜಿನ ಮೇಲೆ ಗೆರೆ ಕೊರೆದದ್ದು ಬಂತು.

ಮೇಷ್ಟ್ರೇ, ನಿಮ್ಮ ಥಿಯೋಡೊಲೈಟ್‌ನ ಕಾಲ ಕೆತ್ತಿದ ಹೆಸರಿನಿಂದಲೇ ಅರ್ಧ ಗೊತ್ತಾಗುತ್ತದೆ. ಟ್ರೌಟನ್ ಅಂಡ್ ಸಿಮ್ಸ್ ಅಂತ ಎರಡು ಹೆಸರು ಜೊತೆಯಾಗಿದ್ದು 1826ರಲ್ಲಿ. 1922ರಲ್ಲಿ ಕುಕ್ ಕಂಪನಿ ಜೊತೆ ಸೇರಿ ಕುಕ್, ಟ್ರೌಟನ್ ಅಂಡ್ ಸಿಮ್ಸ್ ಆಯಿತು. ನಿಮ್ಮದರಲ್ಲಿ ಕುಕ್ ಹೆಸರಿಲ್ಲ ಅಂದರೆ ಅದು 1922ಕ್ಕಿಂತ ಹಿಂದಿನದು, ನೂರು ವರ್ಷ ದಾಟಿದೆ. ಪೆಟ್ಟಿಗೆಯ ಮುಚ್ಚಳದ ಒಳಗಡೆ ಚೀಟಿ ಅಂಟಿಸಿದ್ದಾರಾ ನೋಡಿ. ರಿಪೇರಿಗೆ ಹೋಗಿ ಬಂದಿದ್ದರೆ ಕಲ್ಕತ್ತದ ಮ್ಯಾಥಮೆಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸ್ ಹೆಸರು ಇರಬಹುದು. ಆ ಚೀಟಿ ಕೀಳಬೇಡಿ.

ಅಕೌಂಟ್ಸ್_ರಾಯರು
ಎಲ್ಲರೂ ಉಪಕರಣ ನೋಡುತ್ತಿದ್ದೀರಿ, ನಾನು ಕಾಗದದ ವಿಷಯ ಹೇಳುತ್ತೇನೆ. ಕಾಲೇಜಿನ ಡೆಡ್ ಸ್ಟಾಕ್ ರಿಜಿಸ್ಟರ್, ಅಂದರೆ ಬಾಳಿಕೆ ಸಾಮಾನುಗಳ ದಾಖಲೆ ಪುಸ್ತಕ, ತೆಗೆಸಿ. ಹಳೆಯ ಸಂಪುಟ ಆಫೀಸಿನ ಅಲ್ಮೆರಾದ ಕೆಳಗಿನ ಅರೆಯಲ್ಲಿ ಇರುತ್ತದೆ. ಅದರಲ್ಲಿ ಖರೀದಿ ಮಾಡಿದ ವರ್ಷ, ಯಾವ ಕಂಪನಿ, ಎಷ್ಟು ರೂಪಾಯಿ, ಯಾರ ಸಹಿ ಎಲ್ಲಾ ಬರೆದಿರುತ್ತಾರೆ. ಉಪಕರಣದ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರ್ ಬರೆದಿದ್ದರೆ ಅದು ಆ ರಿಜಿಸ್ಟರಿನ ಕ್ರಮಸಂಖ್ಯೆ. ಅದನ್ನು ಕೆರೆದು ತೆಗೆದರೆ ವಸ್ತುವಿಗೂ ದಾಖಲೆಗೂ ಇದ್ದ ನಂಟು ಕಡಿದುಹೋಯಿತು.

ಮತ್ತೆ, ರಿಜಿಸ್ಟರಿನಲ್ಲಿ ಇರುವ ಸಾಮಾನನ್ನು ಯಾರೂ ಬಾಯಿಮಾತಲ್ಲಿ ಗುಜರಿಗೆ ಹಾಕುವ ಹಾಗಿಲ್ಲ. ಕಮಿಟಿ ಕೂರಬೇಕು, ನಿರುಪಯುಕ್ತ ಅಂತ ಬರೆಯಬೇಕು, ರೈಟ್ ಆಫ್ (ಲೆಕ್ಕದಿಂದ ತೆಗೆಯುವುದು) ಮಂಜೂರಾಗಬೇಕು. ಆ ಕಮಿಟಿಯಲ್ಲಿ ವಿಭಾಗದ ಮುಖ್ಯಸ್ಥರ ಅಭಿಪ್ರಾಯ ಕೇಳುತ್ತಾರೆ. "ನಿರುಪಯುಕ್ತ" ಅಂತ ಬರೆಯದೆ "ವಿಭಾಗದ ಪ್ರದರ್ಶನಕ್ಕೆ ಉಳಿಸಿಕೊಳ್ಳಲಾಗಿದೆ" ಅಂತ ಬರೆದರೆ ಮುಗಿಯಿತು.

ಗಾಜಿನ_ಮನೆ
ಕಾನೂನೂ ನಿಮ್ಮ ಪರ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ಕಡಿಮೆಯಿಲ್ಲದ ವಸ್ತು, ಹಿಂದಿನ ಕಾಲದ ವಿಜ್ಞಾನವನ್ನು ತೋರಿಸುವಂಥದ್ದೂ ಸೇರಿ, ಪುರಾತನ ವಸ್ತು. ವೈಜ್ಞಾನಿಕ ಬೆಲೆ ಇರುವ ಹಸ್ತಪ್ರತಿಗೆ 75 ವರ್ಷ ಆಗಿದ್ದರೆ ಸಾಕು. ಇಂಥವನ್ನು ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಇದನ್ನು ಒಂದು ಪುಟದ ಟಿಪ್ಪಣಿ ಮಾಡಿ ಮೇಲಿನವರ ಮೇಜಿನ ಮೇಲೆ ಇಡಿ. ತೂಕಕ್ಕೆ ಹಾಕುವ ಮಾತು ಅಲ್ಲಿಗೇ ತಣ್ಣಗಾಗುತ್ತದೆ.

ಗಾಜಿನ ಪ್ಲೇಟಿನ ಬಗ್ಗೆ ಜಾಸ್ತಿ ಹೇಳಿ. ಲಕೋಟೆ ಮೇಲೆ ಏನಾದರೂ ಬರೆದಿದ್ದಾರಾ?

ಮೇಷ್ಟ್ರು_ಭೌತಶಾಸ್ತ್ರ
ರಾಯರೇ, ರಿಜಿಸ್ಟರ್ ಹುಡುಕಲು ಹೇಳಿದ್ದೇನೆ. ಮೇಡಂ, ಲಕೋಟೆಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ ಇದೆ. ಕೆಲವದರ ಮೇಲೆ 16-2-80 ಅಂತ ತಾರೀಖು, ಪಕ್ಕದಲ್ಲಿ 1/2, 1, 4 ಅಂತ ಅಂಕಿ. ಒಂದು ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮಧ್ಯದಲ್ಲಿ ಸ್ವಚ್ಛ ಗಾಜಿನ ಒಂದು ವೃತ್ತ, ಸುತ್ತ ಎಲ್ಲ ಕಡೆಗೂ ಕಪ್ಪು ಮಸಿ ಹರಡಿದ ಹಾಗೆ ಇದೆ, ಹೊರಗೆ ಹೋದ ಹಾಗೆ ತೆಳುವಾಗುತ್ತದೆ.

ಸಿಂಧನೂರಿನವ
ಮೇಷ್ಟ್ರೇ!! ಅದು ಗ್ರಹಣ! 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ! ನಮ್ಮ ಕಡೆ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಪೂರ್ತಿ ಕತ್ತಲಾಯಿತು. ನಾನು ಸಣ್ಣವನು, ಮನೆಯವರು ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ನಮ್ಮ ತಾಲ್ಲೂಕಿನ ಜವಳಗೇರಾದಲ್ಲಿ ವಿಜ್ಞಾನಿಗಳು ಕ್ಯಾಂಪ್ ಹಾಕಿದ್ದರು. ಊರವರು ಒಳಗೆ, ಅವರು ಹೊರಗೆ. ಆ ನೆರಳು ಅಂಕೋಲಾ ಕಡೆಯಿಂದ ಒಳಬಂದು ಹುಬ್ಬಳ್ಳಿ, ಗದಗ, ರಾಯಚೂರು ಸೀಮೆ ದಾಟಿ ಹೋಯಿತು.

ನಕ್ಷತ್ರವೀಕ್ಷಕ
ಸಿಂಧನೂರಿನವರು ಸರಿಯಾಗಿ ಹಿಡಿದರು. ಪ್ಲೇಟು ನೆಗೆಟಿವ್ ಆದ್ದರಿಂದ ಕರೋನಾ, ಅಂದರೆ ಸೂರ್ಯನ ಸುತ್ತಲಿನ ಬೆಳಕಿನ ಹೊದಿಕೆ, ಕಪ್ಪಾಗಿ ಕಾಣುತ್ತದೆ, ಚಂದ್ರ ಇದ್ದ ಜಾಗ ಬರೀ ಗಾಜು. 1/2, 1, 4 ಅನ್ನುವುದು ಬೆಳಕು ಬಿಟ್ಟ ಸೆಕೆಂಡು ಇರಬೇಕು. ಕಡಿಮೆ ಹೊತ್ತು ಬಿಟ್ಟರೆ ಸೂರ್ಯನ ಹತ್ತಿರದ ಕರೋನಾ ಬರುತ್ತದೆ, ಜಾಸ್ತಿ ಬಿಟ್ಟರೆ ಹೊರಗಿನದು. ಯಾರೋ ತಿಳಿದವರೇ ತೆಗೆದಿದ್ದಾರೆ.

ನೀವು "ಸುತ್ತ ಎಲ್ಲ ಕಡೆಗೂ" ಅಂದಿರಲ್ಲ, ಅದು ಮುಖ್ಯ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಕರೋನಾ ದುಂಡಗೆ ಎಲ್ಲ ಕಡೆ ಚಾಚಿರುತ್ತದೆ. ಕಡಿಮೆ ಇರುವ ವರ್ಷಗಳಲ್ಲಿ ಸೂರ್ಯನ ಸಮಭಾಜಕದ ಎರಡು ಪಕ್ಕಕ್ಕೆ ಎಳೆದ ಹಾಗಿರುತ್ತದೆ. 1980 ಚಟುವಟಿಕೆ ತುದಿಯಲ್ಲಿದ್ದ ಕಾಲ. ನಿಮ್ಮ ವರ್ಣನೆ ಅದಕ್ಕೆ ತಾಳೆಯಾಗುತ್ತದೆ.

ಮಾತು_ಕಡಿಮೆ
ಮೈ ಜುಮ್ಮೆಂದಿತು. ಇದನ್ನಾ ಎಸೆಯಿರಿ ಅಂದದ್ದು?

ಗಾಜಿನ_ಮನೆ
ಸರ್, ಈಗ ನಿಧಾನವಾಗಿ ಓದಿ. ಪ್ಲೇಟಿನ ಒಂದು ಮುಖ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಮಂಕಾದ ಕಡೆ ಜೆಲಾಟಿನ್ ಇದೆ, ಚಿತ್ರ ಇರುವುದು ಅದರಲ್ಲೇ. ಬೆರಳು ತಾಗಿಸಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ. ಅಂಚು ಮಾತ್ರ ಹಿಡಿಯಿರಿ, ಕೈಗವಸು ಇದ್ದರೆ ಒಳ್ಳೆಯದು. ಒಂದರ ಮೇಲೊಂದು ಪೇರಿಸಬೇಡಿ, ತೂಕಕ್ಕೆ ಕೆಳಗಿನದು ಒಡೆಯುತ್ತದೆ. ಈಗಿನ ಪೆಟ್ಟಿಗೆಯಲ್ಲಿ ನಿಂತಿರುವ ಹಾಗೇ ಇರಲಿ. ಪ್ಲಾಸ್ಟಿಕ್ ಕವರ್ ಹಾಕಿದರೆ ತೇವ ಒಳಗೇ ಉಳಿದು ಬೂಸಲು ಬರುತ್ತದೆ. ಆಮ್ಲ ಇಲ್ಲದ ಕಾಗದದ ಹೊಸ ಲಕೋಟೆ ಸಿಕ್ಕರೆ ಬದಲಾಯಿಸಿ, ಆದರೆ ಹಳೆ ಲಕೋಟೆ ಎಸೆಯಬೇಡಿ. ಆ ಪೆನ್ಸಿಲ್ ಬರಹ ಹೋದರೆ ಪ್ಲೇಟು ಯಾವ ದಿನದ್ದು, ಎಷ್ಟು ಸೆಕೆಂಡಿನದು ಅಂತ ಹೇಳುವವರೇ ಇಲ್ಲ. ಗಾಜಿನ ಕಡೆ ಶಾಯಿಯಲ್ಲಿ ಬಾಣದ ಗುರುತು, ವೃತ್ತ ಏನಾದರೂ ಇದ್ದರೆ ಅದನ್ನೂ ಒರೆಸಬೇಡಿ. ನೋಡಿದವರು ಹಾಕಿದ ಗುರುತು ಅದು.

ಅಮೆರಿಕದ ಹಾರ್ವರ್ಡ್‌ನಲ್ಲಿ ಆಕಾಶದ ಫೋಟೋ ಇರುವ ಐದು ಲಕ್ಷಕ್ಕೂ ಹೆಚ್ಚು ಗಾಜಿನ ಪ್ಲೇಟುಗಳಿವೆ. ಸ್ಕ್ಯಾನ್ ಮಾಡುವಾಗ ನಕ್ಷತ್ರ ಸ್ಪಷ್ಟವಾಗಿ ಬರಲಿ ಅಂತ ಎಷ್ಟೋ ಪ್ಲೇಟಿನ ಶಾಯಿ ಗುರುತು ಒರೆಸಿದರು. ಒರೆಸುವ ಮೊದಲು ಫೋಟೋ ತೆಗೆದಿಟ್ಟುಕೊಂಡರು ನಿಜ, ಆದರೂ ಅದರ ಬಗ್ಗೆ ದೊಡ್ಡ ಜಗಳವೇ ಆಯಿತು. ಆ ಗುರುತು ಹಾಕಿದವರು ಅಲ್ಲಿ ಕೆಲಸಕ್ಕಿದ್ದ ಹೆಂಗಸರು, ಅವರ ಕೈಬರಹ ಉಳಿದಿದ್ದೇ ಅಲ್ಲಿ. 2016ರಲ್ಲಿ ನೀರಿನ ಪೈಪ್ ಒಡೆದು ಅದೇ ಸಂಗ್ರಹಕ್ಕೆ ನೀರು ನುಗ್ಗಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾಗುತ್ತದೆ ಅಂದರೆ ನಿಮ್ಮ ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಸಿಂಕ್ ಕೆಳಗಂತೂ ಬೇಡವೇ ಬೇಡ.

ಬಸವನಗುಡಿ_ಹುಡುಗ
ಒಂದು ಅನುಮಾನ, ಕೋಪ ಮಾಡ್ಕೋಬೇಡಿ. ಎಲ್ಲಾ ಸ್ಕ್ಯಾನ್ ಮಾಡಿಟ್ಟರೆ ಸಾಕಲ್ವಾ? ಜಾಗ ಎಲ್ಲಿದೆ, ಕಾಯುವವರು ಯಾರು? 1980ರ ಗ್ರಹಣದ ಫೋಟೋ ದೊಡ್ಡ ಸಂಸ್ಥೆಗಳ ಹತ್ತಿರ ಇದ್ದೇ ಇರುತ್ತದೆ.

ನಕ್ಷತ್ರವೀಕ್ಷಕ
ಸಾಲದು. ಇವತ್ತಿನ ಸ್ಕ್ಯಾನರ್ ಇವತ್ತಿನ ಮಟ್ಟಕ್ಕೆ ಓದುತ್ತದೆ. ತಮಿಳುನಾಡಿನ ಕೊಡೈಕೆನಾಲ್ ಸೂರ್ಯ ವೀಕ್ಷಣಾಲಯ ನೋಡಿ. ಅಲ್ಲಿ 1904ರಿಂದ ಕ್ಯಾಲ್ಸಿಯಂ ಬೆಳಕಿನಲ್ಲಿ, 1912ರಿಂದ ಹೈಡ್ರೋಜನ್ ಬೆಳಕಿನಲ್ಲಿ ದಿನಾ ಸೂರ್ಯನ ಚಿತ್ರ ತೆಗೆದರು. ಮೊದಲೊಂದು ಸಲ ಡಿಜಿಟಲ್ ಮಾಡಿದರು, ಆಮೇಲೆ ಇನ್ನೂ ಒಳ್ಳೆ ಕ್ಯಾಮೆರಾ ಬಂದಾಗ ಮತ್ತೆ ಮಾಡಿದರು. ಪ್ಲೇಟು ಎಸೆದಿದ್ದರೆ ಎರಡನೇ ಸಲ ಏನು ಮಾಡಬೇಕಿತ್ತು? ಈಗ ಬೇರೆ ಬೇರೆ ದೇಶದವರು ಆ ಚಿತ್ರಗಳಿಂದ ನೂರು ವರ್ಷದ ಸೂರ್ಯನ ಕಲೆ, ತಿರುಗುವ ವೇಗ ಎಲ್ಲಾ ಲೆಕ್ಕ ಹಾಕುತ್ತಿದ್ದಾರೆ. 1909ರಲ್ಲಿ ಜಾನ್ ಎವರ್ಶೆಡ್ ಸೂರ್ಯನ ಕಲೆಯಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡದ್ದೂ ಅಲ್ಲೇ. ಆಗ ಪ್ಲೇಟು ಜೋಪಾನ ಮಾಡಿದವರಿಗೆ ಮುಂದೆ ಕಂಪ್ಯೂಟರ್ ಬರುತ್ತದೆ ಅಂತ ಗೊತ್ತಿರಲಿಲ್ಲ.

ಇನ್ನು "ದೊಡ್ಡ ಸಂಸ್ಥೆ ಹತ್ತಿರ ಇದೆ" ಅನ್ನುವುದು. ನೆರಳು ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಬರುತ್ತದೆ. ಅಂಕೋಲಾದಲ್ಲಿ ತೆಗೆದದ್ದು, ರಾಯಚೂರಲ್ಲಿ ತೆಗೆದದ್ದು ಬೇರೆ ಬೇರೆ ನಿಮಿಷದ ಕರೋನಾ. ಎರಡನ್ನೂ ಹೋಲಿಸಿದರೆ ನಡುವೆ ಏನಾದರೂ ಬದಲಾಯಿತಾ ಅಂತ ನೋಡಬಹುದು.

ಬೇಗಂಪೇಟೆ_ಕನ್ನಡಿಗ
ಜಾಗ, ಕಾಯುವವರು ಇಲ್ಲ ಅಂದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ಹೈದರಾಬಾದಿಗೆ ಬನ್ನಿ. 1901ರಲ್ಲಿ ನವಾಬ್ ಜಫರ್ ಜಂಗ್ ಅವರು ಸ್ವಂತ ಆಸಕ್ತಿಯಿಂದ ಶುರು ಮಾಡಿದ ನಿಜಾಮಿಯಾ ವೀಕ್ಷಣಾಲಯ. 15 ಇಂಚಿನ ಗ್ರಬ್ ದೂರದರ್ಶಕ ಇತ್ತು, ಇಡೀ ಆಕಾಶದ ಫೋಟೋ ನಕ್ಷೆ ಮಾಡುವ ಜಾಗತಿಕ ಯೋಜನೆಯಲ್ಲಿ ಒಂದು ಪಟ್ಟಿ ಇವರ ಪಾಲಿಗೆ ಬಂದಿತ್ತು. ಬೇಗಂಪೇಟೆಯಲ್ಲಿ ಆ ಗುಮ್ಮಟದ ಕಟ್ಟಡ ಪಾಳು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿಸಿದ ಖಗೋಳ ವಿಜ್ಞಾನಿ ವೈನು ಬಾಪು ಗೊತ್ತಲ್ಲ, ಅವರ ತಂದೆ ಇದೇ ನಿಜಾಮಿಯಾದಲ್ಲಿ ಕೆಲಸದಲ್ಲಿದ್ದರು. ಹುಡುಗ ಬೆಳೆದದ್ದು ಈ ಉಪಕರಣಗಳ ನಡುವೆ.

ನಕ್ಷತ್ರವೀಕ್ಷಕ
ಬಾಪು ಹೆಸರು ಬಂತು, ಹಾಗಾಗಿ ಇದನ್ನು ಹೇಳಲೇಬೇಕು. ಈಗಿನ ಬಾಂಗ್ಲಾದೇಶದ ಜೆಸ್ಸೋರ್ ಹತ್ತಿರದ ರಾಧಾಗೋವಿಂದ ಚಂದ್ರ ಅಂತ ಒಬ್ಬರು, ಖಜಾನೆಯಲ್ಲಿ ಗುಮಾಸ್ತರು, ಮೆಟ್ರಿಕ್ ಪಾಸಾಗಲಿಲ್ಲ. ರಾತ್ರಿ ಕೂತು ಬೆಳಕು ಹೆಚ್ಚುಕಡಿಮೆ ಆಗುವ ನಕ್ಷತ್ರಗಳನ್ನು ನೋಡಿ ಬರೆದಿಡುತ್ತಿದ್ದರು, ಸಾವಿರಾರು ಸಲ. ಅಮೆರಿಕದ ಹವ್ಯಾಸಿಗಳ ಸಂಘ ಮೆಚ್ಚಿ 1926ರಲ್ಲಿ ಆರು ಇಂಚಿನ ದೂರದರ್ಶಕ ಕಳಿಸಿತು. ಅವರಿಗೆ ವಯಸ್ಸಾದ ಮೇಲೆ ಅದನ್ನು ಮಾರಲಿಲ್ಲ. ಇನ್ನೊಬ್ಬ ನೋಡುವವರ ಕೈಗೆ ಹೋಗಲಿ ಅಂತ ಬಾಪು ಅವರಿಗೆ ತಲುಪಿತು, ಆಮೇಲೆ ಕಾವಲೂರಿಗೆ ಬಂತು. ಕಾಲೇಜಿನ ಮೂರು ಇಂಚಿನದಕ್ಕೂ ಹಾಗೇ ಆಗಲಿ. ಮಸೂರದೊಳಗಿನ ಆ ಬಿಳಿ ಎಳೆ ಬೂಸಲು, ಅದನ್ನು ತೆಗೆಸಿದರೆ ಇವತ್ತಿಗೂ ಶನಿಯ ಉಂಗುರ ಕಾಣುತ್ತದೆ ಮೇಷ್ಟ್ರೇ. ಮಕ್ಕಳಿಗೆ ತೋರಿಸಿ.

ಹಿತ್ತಾಳೆಪ್ರಿಯ
ತೋರಿಸಿ, ಆದರೆ ಮಸೂರ ನೀವೇ ಬಿಚ್ಚಬೇಡಿ. ಎರಡು ಗಾಜು ಜೋಡಿಸಿದ ಮಸೂರ ಅದು. ಬಿಚ್ಚಿ ತಿರುವುಮುರುವಾಗಿ ಕೂರಿಸಿದರೆ ಚಿತ್ರ ಸ್ಪಷ್ಟವಾಗಿ ಮೂಡುವುದಿಲ್ಲ. ಬಿಚ್ಚುವವರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಿಚ್ಚುತ್ತಾರೆ. ಸದ್ಯಕ್ಕೆ ಒಣ ಜಾಗದಲ್ಲಿಟ್ಟು ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ, ಬೂಸಲು ಇನ್ನೂ ಹಬ್ಬುವುದು ನಿಲ್ಲುತ್ತದೆ.

ಕೆಮಿಸ್ಟ್ರಿ_ಅಕ್ಕ
ಆ ಬ್ಯಾರೋಮೀಟರ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಅದರೊಳಗೆ ಪಾದರಸ ಇದೆ. ಗೋಡೆಯಿಂದ ಸುಮ್ನೆ ಕಿತ್ತು ಮಲಗಿಸಿದರೆ ಕೊಳವೆ ಒಡೆಯಬಹುದು, ಕೆಳಗಿನ ಚರ್ಮದ ಚೀಲ ಹಳೆಯದಾಗಿದ್ದರೆ ಸೋರಬಹುದು. ಪಾದರಸದ ಆವಿ ಕೆಟ್ಟದ್ದು, ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಗುಜರಿಯವನು ಬಂದರೆ ಮೊದಲು ಅದನ್ನೇ ಒಡೆದು ಪಾದರಸ ಬಾಟಲಿಗೆ ಸುರಿದುಕೊಳ್ಳುತ್ತಾನೆ, ಬರಿಗೈಯಲ್ಲಿ. ಅನುಭವ ಇರುವವರು ಬರುವ ತನಕ ಅದು ಗೋಡೆ ಮೇಲೇ ಇರಲಿ. ಕೆಳಗೆ ಒಂದು ಪ್ಲಾಸ್ಟಿಕ್ ಟ್ರೇ ಇಡಿ, ಕಿಟಕಿ ತೆಗೆದಿಡಿ, ನೆಲದಲ್ಲಿ ಹೊಳೆಯುವ ಹನಿ ಕಂಡರೆ ಪೊರಕೆಯಿಂದ ಗುಡಿಸಲೇಬೇಡಿ.

ಮೇಷ್ಟ್ರು_ಭೌತಶಾಸ್ತ್ರ
ಬಹಳ ಉಪಕಾರ ಅಕ್ಕಾ. ನಾಳೆಯೇ ಗೋಡೆ ಕೆಲಸದವರನ್ನು ತಡೆಯುತ್ತೇನೆ. ರಾಯರೇ, ರಿಜಿಸ್ಟರ್ ಸಿಕ್ಕಿತು, ಥಿಯೋಡೊಲೈಟ್‌ನ ನಂಬರ್ ಅದರಲ್ಲಿ ಇದೆ. "ಸೆಕೆಂಡ್ ಹ್ಯಾಂಡ್" ಅಂತ ಷರಾ ಬರೆದಿದ್ದಾರೆ. ಅಂದರೆ ಕಾಲೇಜಿಗೆ ಬರುವ ಮೊದಲೇ ಅದು ಬೇರೆಲ್ಲೋ ಕೆಲಸ ಮಾಡಿತ್ತು.

ಸರ್ವೇಯರ್_ನಿವೃತ್ತ
ಸರ್ವೆ ಇಲಾಖೆಯಿಂದ ಹೊರಬಿದ್ದದ್ದು ಇರಬಹುದು. ಆಗ ಹಾಗೆ ಕಾಲೇಜುಗಳಿಗೆ ಹೋಗುತ್ತಿದ್ದವು.

ಬಸವನಗುಡಿ_ಹುಡುಗ
ಥಿಯೋಡೊಲೈಟ್ ಅಂದಾಗ ನೆನಪಾಯಿತು. ಜಾರ್ಜ್ ಎವರೆಸ್ಟ್ 1800ರಲ್ಲಿ ಬೆಂಗಳೂರಿನಿಂದಲೇ ದೇಶದ ನೆಲದ ಅಳತೆ ಶುರು ಮಾಡಿದ್ದು ಅಲ್ವಾ? ಆ ಅಳತೆಯ ಗುರುತಿಗೆ ಇದ್ದ ಕಟ್ಟಡ ಬೀಳಿಸಿದರು ಅಂತ ಪೇಪರಲ್ಲಿ ಬಂದಿತ್ತು.

ಸರ್ವೇಯರ್_ನಿವೃತ್ತ
ಎವರೆಸ್ಟ್ ಅಲ್ಲಪ್ಪಾ, ವಿಲಿಯಂ ಲ್ಯಾಂಬ್ಟನ್. ಎವರೆಸ್ಟ್ ಆಗ ಇನ್ನೂ ಹುಡುಗ, ಅವರ ಕೈಕೆಳಗೆ ಸೇರಿದ್ದು 1818ರಲ್ಲಿ. ಟಿಪ್ಪು ಬಿದ್ದ ಮೇಲೆ, 1800ರಲ್ಲಿ, ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಒಂದು ಸರಳ ರೇಖೆ ಅಳೆದರು. ಉಕ್ಕಿನ ಸರಪಳಿ ಎಳೆದು, ಬಿಸಿಲಿಗೆ ಅದು ಹಿಗ್ಗುವುದನ್ನೂ ಲೆಕ್ಕ ಹಾಕಿಕೊಂಡು. ಆಮೇಲೆ 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಶುರುವಾದದ್ದು ದೊಡ್ಡ ತ್ರಿಕೋನ ಸರ್ವೆ, ಅಂದರೆ ದೇಶದ ನೆಲವನ್ನು ತ್ರಿಕೋನಗಳಾಗಿ ಹಂಚಿ ಅಳೆಯುವ ಕೆಲಸ. ಅವರ ಥಿಯೋಡೊಲೈಟ್ ಅರ್ಧ ಟನ್ ತೂಕ. ಇಂಗ್ಲೆಂಡಿನಿಂದ ಬರುವಾಗ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು, ಆಮೇಲೆ ಮರ್ಯಾದೆಯಿಂದ ವಾಪಸ್ ಕೊಟ್ಟರು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಗೋಡೆಗೆ ಬಡಿಯಿತು, ದುಂಡು ತಟ್ಟೆ ಸೊಟ್ಟಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ತಾವೇ ತಟ್ಟಿ ಸರಿಮಾಡಿದರು.

ಆಮೇಲೆ ಅದನ್ನು ಪೂರ್ತಿ ಹೊಸದರ ಹಾಗೆ ಮಾಡಿದವರಲ್ಲಿ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಒಬ್ಬರು. ಮದ್ರಾಸಿನಲ್ಲಿ ಒಡವೆ ಕೆಲಸ, ಗಡಿಯಾರ ರಿಪೇರಿ ಗೊತ್ತಿದ್ದವರು. ಇಂಗ್ಲಿಷ್ ಬರುತ್ತಿರಲಿಲ್ಲ. 1843ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಉಪಕರಣ ತಯಾರಕರ ಹುದ್ದೆಗೆ ಏರಿದರು. ಇಂಥವರ ಹೆಸರು ಯಾರಿಗೆ ಗೊತ್ತಿದೆ? ಉಪಕರಣ ಉಳಿದರೆ ರಿಪೇರಿ ಮಾಡಿದ ಕೈಯ ಗುರುತೂ ಅದರ ಮೇಲೆ ಉಳಿಯುತ್ತದೆ. ಹೊಸದಾಗಿ ಹಾಕಿದ ಸ್ಕ್ರೂ, ಬೇರೆ ಬಣ್ಣದ ಬೆಸುಗೆ, ಅದೂ ಇತಿಹಾಸವೇ.

ಬೀಳಿಸಿದ ಕಟ್ಟಡ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನದು. ಲ್ಯಾಂಬ್ಟನ್ ಕಾಲದ್ದಲ್ಲ, 1860ರ ದಶಕದಲ್ಲಿ ಬೆಂಗಳೂರಿನ ರೇಖೆಯನ್ನು ಮತ್ತೆ ಅಳೆದಾಗಿನದು. 2024ರ ಜುಲೈನಲ್ಲಿ ನೆಲಸಮ ಆಯಿತು. ನೂರೈವತ್ತು ವರ್ಷ ನಿಂತಿತ್ತು. ಜಾಗದ ಬೆಲೆ ಏರಿದ ಮೇಲೆ ಒಂದು ರಾತ್ರಿ ಸಾಕಾಯಿತು.

ಮಾತು_ಕಡಿಮೆ
ಅದರ ಅಳತೆ ಚಿತ್ರವಾದರೂ ಇದೆಯಾ?

ಸರ್ವೇಯರ್_ನಿವೃತ್ತ
ಬೀಳುವ ಮುಂಚೆ ಪರಂಪರೆ ಆಸಕ್ತರು ಹೋಗಿ ಫೋಟೋ ತೆಗೆದಿದ್ದರು, ಅಷ್ಟು ಪುಣ್ಯ. ಫೋಟೋ ಇದ್ದರೂ ನಷ್ಟ ನಷ್ಟವೇ. ಆ ಕಟ್ಟಡದ ಬೆಲೆ ಇದ್ದದ್ದೇ ಅದು ನಿಂತ ಜಾಗದಲ್ಲಿ. ರೇಖೆಯ ತುದಿ ಅದು. ಪಕ್ಕದ ಸೈಟಿಗೆ ಸರಿಸಿ ಕಟ್ಟಿದರೆ ಪ್ರಯೋಜನ ಇಲ್ಲ.

ಶಾಂತಿನಗರ_ರಾಜು
ಆದರೆ ಒಂದು ಮಾತು. ಹಳೆಯದನ್ನು ಮುಟ್ಟಲೇಬಾರದು ಅನ್ನುವುದೂ ನನಗೆ ಒಪ್ಪಿಗೆ ಇಲ್ಲ. ಕಲ್ಲು-ಗಾರೆಯ ಯಂತ್ರಗಳಿರುವ ಹಳೆ ವೀಕ್ಷಣಾಲಯ, ಜೈಪುರದ ಜಂತರ್ ಮಂತರ್, 1901–02ರಲ್ಲಿ ದೊಡ್ಡದಾಗಿ ರಿಪೇರಿ ಆಗದಿದ್ದರೆ 2010ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಹೋಗುತ್ತಿತ್ತಾ? ಅಲ್ಲಿನ 27 ಮೀಟರ್ ಎತ್ತರದ ನೆರಳು ಗಡಿಯಾರ, ಸಾಮ್ರಾಟ ಯಂತ್ರದ ನೆರಳು ಜರುಗುವುದನ್ನು ಜನ ಇವತ್ತು ನಿಂತು ನೋಡುತ್ತಾರೆ. ಮಕ್ಕಳಿಗೆ ಅರ್ಥ ಆಗುವುದು ಕೆಲಸ ಮಾಡುವ ಯಂತ್ರ ನೋಡಿದಾಗ, ಪಾಚಿ ಕಟ್ಟಿದ ಗೋಡೆ ನೋಡಿದಾಗ ಅಲ್ಲ.

ಹಿತ್ತಾಳೆಪ್ರಿಯ
ರಾಜು ಅವರೇ, ರಿಪೇರಿಗೆ ನನ್ನ ವಿರೋಧ ಇಲ್ಲ. ಅಳತೆ ಗೊತ್ತಿಲ್ಲದವರು ಮಾಡುವ ರಿಪೇರಿಗೆ ವಿರೋಧ. ದೆಹಲಿಯ ಜಂತರ್ ಮಂತರ್‌ನಲ್ಲಿ ಗಾರೆ ಮೇಲೆ ಗಾರೆ ಬಳಿದು ಗೆರೆಗಳೇ ಹೋಗಿದ್ದವು. ಅದೂ ಸಾಲದೆ ಸುತ್ತ ಎತ್ತರದ ಕಟ್ಟಡ ಎದ್ದು ಬಿಸಿಲಿಗೇ ಅಡ್ಡ ಬಂತು. ಬಣ್ಣ ಹೊಡೆದರೆ ನೋಡಲು ಚೆಂದ, ಹೊತ್ತು ಹೇಳುವುದಿಲ್ಲ.

ಮಲೆನಾಡಮಗಳು
ನಮ್ಮ ಅಜ್ಜನ ಮನೆಯಲ್ಲಿ ಗಳಿಗೆ ಬಟ್ಟಲು ಇದೆ. ತಾಮ್ರದ್ದು, ತಳದಲ್ಲಿ ಒಂದು ಸಣ್ಣ ತೂತು. ನೀರಿನ ಕೊಳಗದಲ್ಲಿ ತೇಲಿಬಿಟ್ಟರೆ ತುಂಬಿ ಮುಳುಗಲು ಒಂದು ಗಳಿಗೆ, 24 ನಿಮಿಷ. ದಿನಕ್ಕೆ 60 ಗಳಿಗೆ. ಹಿಂದೆ ಮದುವೆ ಮುಹೂರ್ತಕ್ಕೆ ಇದನ್ನೇ ಇಡುತ್ತಿದ್ದರಂತೆ. ಈಗ ದೇವರ ಮನೆಯಲ್ಲಿ ಕುಂಕುಮ ಹಚ್ಚಿಟ್ಟಿದ್ದಾರೆ, ಆಯುಧಪೂಜೆಗೆ ತೊಳೆಯುತ್ತಾರೆ. ಹೋದ ಸಲ ತೂತಿನಲ್ಲಿ ಹಸಿರು ಕಿಲುಬು ಕಟ್ಟಿಕೊಂಡಿತ್ತು, ಪಿನ್ ಹಾಕಿ ತೆಗೆಯೋಣ ಅಂತ ನಮ್ಮ ಚಿಕ್ಕಪ್ಪ ಹೊರಟಿದ್ದರು. ತೆಗೆಯಬಹುದಾ?

ಹಿತ್ತಾಳೆಪ್ರಿಯ
ಪಿನ್ ಬೇಡ ಅಂತ ಚಿಕ್ಕಪ್ಪನಿಗೆ ಹೇಳಿ! ಆ ಬಟ್ಟಲಿನ ಇಡೀ ವಿದ್ಯೆ ಇರುವುದು ತೂತಿನ ಅಗಲದಲ್ಲಿ. ಕೂದಲೆಳೆಯಷ್ಟು ದೊಡ್ಡದಾದರೂ ಗಳಿಗೆ ಚಿಕ್ಕದಾಗುತ್ತದೆ, ಮತ್ತೆ ಚಿಕ್ಕದು ಮಾಡಲು ಆಗುವುದಿಲ್ಲ. ಶುದ್ಧ ನೀರಲ್ಲಿ ನೆನೆಸಿ, ಹಳೆ ಬ್ರಷ್ಷಿನ ಮೆತ್ತನೆ ಎಳೆಯಿಂದ ಹಗುರವಾಗಿ ತೆಗೆಯಿರಿ. ಬಂದಷ್ಟು ಬರಲಿ.

ಅಕೌಂಟ್ಸ್_ರಾಯರು
ಕುಂಕುಮ ಹಚ್ಚುವುದು ನಮ್ಮ ಸಂಪ್ರದಾಯ, ಅದನ್ನೂ ಬೇಡ ಅನ್ನಬೇಡಿ ಮತ್ತೆ. ಪೂಜೆ ಮಾಡಿದ್ದಕ್ಕೇ ಎಷ್ಟೋ ಮನೆಗಳಲ್ಲಿ ಇಂಥವು ಉಳಿದಿವೆ.

ಗಾಜಿನ_ಮನೆ
ಆ ಮಾತು ಒಪ್ಪಿದೆ ರಾಯರೇ. ಪೆಟ್ಟಿಗೆಗೆ ಹಚ್ಚಿ, ಉಪಕರಣಕ್ಕೆ ಬೇಡ. ಬೆಳ್ಳಿ ಗೀರಿನೊಳಗೆ ಕುಂಕುಮ ಕೂತರೆ ತೆಗೆಯುವುದು ಕಷ್ಟ.

ಬಸವನಗುಡಿ_ಹುಡುಗ
ವಿಷಯ ಬೇರೆ ಕಡೆ ಹೋಗುತ್ತದೆ, ಆದರೂ ಕೇಳುತ್ತೇನೆ. ಗವಿಪುರದ ಗಂಗಾಧರೇಶ್ವರ ಗುಡಿಯೂ ಒಂದು ಉಪಕರಣವೇ ತಾನೆ? ಸಂಕ್ರಾಂತಿ ದಿನ ಒಂದೇ ದಿನ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ.

ನಕ್ಷತ್ರವೀಕ್ಷಕ
ಒಂದೇ ದಿನ ಅಲ್ಲ, ವರ್ಷಕ್ಕೆ ಒಂದೇ ಸಲವೂ ಅಲ್ಲ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿಗೆ ಹೋಗಿ ವಾಪಸ್ ತಿರುಗುತ್ತಾನೆ. ಹಾಗಾಗಿ ಜನವರಿ ಮಧ್ಯದಲ್ಲಿ ಸೂರ್ಯ ಮುಳುಗುವ ದಿಕ್ಕಿನಲ್ಲೇ ನವೆಂಬರ್ ಕೊನೆಗೂ ಮುಳುಗುತ್ತಾನೆ. ಆಗಲೂ ಬೆಳಕು ಒಳಗೆ ಬರುತ್ತದೆ, ಜನ ಇರುವುದಿಲ್ಲ ಅಷ್ಟೇ. ಬಿ.ಎಸ್. ಶೈಲಜಾ ಅವರು ಮತ್ತು ಜೊತೆಗಾರರು ಇದನ್ನು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದ್ದಾರೆ. ಹದಿನೆಂಟನೇ ಶತಮಾನದ ಕೊನೆಗೆ ಥಾಮಸ್ ಡೇನಿಯಲ್ ಬರೆದ ಚಿತ್ರದ ಜೊತೆ ಈಗಿನ ಗುಡಿ ಹೋಲಿಸಿದರೆ ಆಮೇಲೆ ಗೋಡೆ, ಮಂಟಪ ಸೇರಿವೆ ಅಂತ ಕಾಣುತ್ತದೆ. ಬೆಳಕು ಬರುವ ದಾರಿಯೇ ಬದಲಾಗಿದೆ.

ಇದಕ್ಕೇ ನಾನು ಹೇಳುವುದು, ಗುಡಿಯ ಪಶ್ಚಿಮಕ್ಕೆ ಯಾವ ಕಟ್ಟಡ ಎಷ್ಟು ಎತ್ತರ ಏಳುತ್ತದೆ ಅನ್ನುವುದೂ ಪರಂಪರೆಯ ಪ್ರಶ್ನೆ. ಕಲ್ಲು ಉಳಿಸಿ ಬಿಸಿಲು ಮುಚ್ಚಿದರೆ ಏನು ಉಳಿಸಿದ ಹಾಗಾಯಿತು?

ಕಾಸರಗೋಡು_ಕನ್ನಡಿಗ
ನಮ್ಮೂರಿನ ಹತ್ತಿರದ ಬೇಕಲ ಕೋಟೆಗೆ ಪ್ರವಾಸಿಗರು ತುಂಬಾ ಬರುತ್ತಾರೆ. 1871ರ ಡಿಸೆಂಬರ್ 12ರ ಖಗ್ರಾಸ ಗ್ರಹಣ ನೋಡಲು ನಾರ್ಮನ್ ಲಾಕ್ಯರ್ ತಂಡ ದೂರದರ್ಶಕ ಹೊತ್ತುಕೊಂಡು ಬಂದದ್ದು ಇದೇ ಕೋಟೆಗೆ. ಸೂರ್ಯನಲ್ಲಿ ಹೀಲಿಯಂ ಇದೆ ಅಂತ ಹೇಳಿದವರಲ್ಲಿ ಮೊದಲಿಗರು ಅವರು. ಅಲ್ಲಿ ಬರುವವರಿಗೆ ಇದನ್ನು ಹೇಳುವವರು ಯಾರೂ ಇಲ್ಲ. ಒಂದು ಫಲಕ ಹಾಕಿಸಲು ಎಷ್ಟು ಖರ್ಚಾದೀತು? ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಯಲಿ.

ನಕ್ಷತ್ರವೀಕ್ಷಕ
ಒಳ್ಳೆ ವಿಚಾರ. ಅದೇ ಕಾಲದಲ್ಲಿ ಮದ್ರಾಸ್ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು 1874ರ ಶುಕ್ರ ಸಂಕ್ರಮಣದ (ಶುಕ್ರ ಸೂರ್ಯನ ಮುಂದೆ ಹಾದುಹೋಗುವುದು) ಬಗ್ಗೆ ಜನರಿಗೆ ತಿಳಿಯಲಿ ಅಂತ ಪುಸ್ತಿಕೆ ಬರೆದರು, ಅದು ಕನ್ನಡದಲ್ಲೂ ಬಂದಿತ್ತು. ಮನೆಯ ಅಟ್ಟದಲ್ಲಿ ಹಳೆ ಪಂಚಾಂಗಗಳ ಕಟ್ಟು ಇರುವವರು ದಯವಿಟ್ಟು ಬಿಚ್ಚಿ ನೋಡಿ, ಸುಮ್ನೆ ರದ್ದಿಗೆ ಹಾಕಬೇಡಿ.

ಮೇಷ್ಟ್ರು_ಭೌತಶಾಸ್ತ್ರ
ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಸಂತೋಷ. ಕೊನೆಯದಾಗಿ ಒಂದು ಪ್ರಶ್ನೆ. ಕಾಲೇಜು ಇಟ್ಟುಕೊಳ್ಳಲು ಒಪ್ಪದಿದ್ದರೆ ಯಾರನ್ನು ಕೇಳಲಿ?

ಗಾಜಿನ_ಮನೆ
ಪ್ಲೇಟು ಮತ್ತು ನೋಟ್‌ಬುಕ್ಕಿಗೆ ಮೊದಲು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಬರೆಯಿರಿ. ಕೊಡೈಕೆನಾಲ್, ಕಾವಲೂರು ಎರಡೂ ಅವರದೇ. ವಿಜ್ಞಾನದ ಕಾಗದಪತ್ರಗಳಿಗೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಒಂದು ಸಂಗ್ರಹಾಲಯ ಇದೆ. ಉಪಕರಣಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದವರನ್ನು ಕೇಳಿ ನೋಡಿ. ಯಾರಿಗೆ ಬರೆದರೂ ಎಲ್ಲವೂ ಒಟ್ಟಿಗೇ ಇದ್ದವು ಅಂತ ಬರೆಯಿರಿ. ಉಪಕರಣ ಒಂದು ಊರಿಗೆ, ನೋಟ್‌ಬುಕ್ ಇನ್ನೊಂದು ಊರಿಗೆ ಹೋದರೂ ಯಾವುದು ಎಲ್ಲಿದೆ ಅನ್ನುವ ಪಟ್ಟಿಯ ಪ್ರತಿ ಎರಡೂ ಕಡೆ ಇರಲಿ. ಸ್ಟೋರ್ ರೂಮಿನಲ್ಲಿ ಯಾವ ಅರೆಯಲ್ಲಿ ಏನಿತ್ತು ಅಂತ ಈಗಲೇ ಫೋಟೋ ತೆಗೆದುಬಿಡಿ, ಒಂದನ್ನೂ ಜರುಗಿಸುವ ಮೊದಲು.

ಸಿಂಧನೂರಿನವ
ಆ ನೋಟ್‌ಬುಕ್ಕಲ್ಲಿ ಗ್ರಹಣದ ದಿನ ಯಾವ ಊರಿನಿಂದ ನೋಡಿದರು ಅಂತ ಬರೆದಿದ್ದರೆ ದಯವಿಟ್ಟು ಇಲ್ಲಿ ಹಾಕಿ ಸರ್. ಆ ಊರಿನವರು ಯಾರಾದರೂ ಇಲ್ಲಿ ಇರಬಹುದು, ಪ್ಲೇಟು ತೆಗೆದವರು ಯಾರು ಅಂತ ವಿಚಾರಿಸೋಣ.